ಮರಳಿಲ್ಲದ ಕಡಲಿಗೆ ಮಕ್ಕಳ ಜೊತೆ: ನೀಸ್‌ನ ಕಲ್ಲಿನ ತೀರಕ್ಕೆ ಹೋಗುವವರಿಗೆ ಸಮಗ್ರ ಮಾರ್ಗದರ್ಶಿ

ಮಲ್ಪೆಯ ಮರಳಲ್ಲಿ ಆಡಿ ಬೆಳೆದವಳು ನಾನು. ಕಡಲು ಅಂದರೆ ನನಗೆ ಮರಳು. ಕಾಲಿಟ್ಟರೆ ಹೂತುಹೋಗುವ, ಮನೆಗೆ ಬಂದು ಸ್ನಾನ ಮಾಡಿದ ಮೇಲೂ ಬಚ್ಚಲಲ್ಲಿ ಉಳಿಯುವ ಮರಳು. ಫ್ರಾನ್ಸಿನ ನೀಸ್ ಊರಿನ ಕಡಲತೀರದಲ್ಲಿ ಬರೀ ಕಲ್ಲು ಎಂದು ಮೊದಲೇ ಓದಿದ್ದೆ. ಆದರೆ ಓದಿದ್ದು ಕಾಲಿಗೆ ತಟ್ಟಿದ್ದು ಅಲ್ಲಿಗೆ ಹೋದ ಮೇಲೆಯೇ. ನಾಲ್ಕು ವರ್ಷದ ಮಗ ಚಪ್ಪಲಿ ಬಿಸಾಡಿ ನೀರಿನ ಕಡೆ ಓಡಿದ. ಐದಾರು ಹೆಜ್ಜೆಗೆ ನಿಂತ. ಹಿಂದೆ ಬರಲೂ ಆಗದೆ, ಮುಂದೆ ಹೋಗಲೂ ಆಗದೆ ಅಲ್ಲೇ ನಿಂತು ಅತ್ತ. ಅಮ್ಮ ಮೇಲಿನ ಮೆಟ್ಟಿಲಿನಿಂದಲೇ, "ಇದೆಂಥ ಕಡಲು ಮಾರಾಯ್ತಿ, ಮರಳೇ ಇಲ್ವಲ್ಲ!" ಎಂದರು. ಒಂದು ಗಂಟೆಯೊಳಗೆ ಎಲ್ಲರೂ ಸುಸ್ತಾಗಿ ವಾಪಸ್ ಬಂದೆವು.

ಮರುದಿನ ಅದೇ ತೀರದಲ್ಲಿ ನಾಲ್ಕೂವರೆ ಗಂಟೆ ಇದ್ದೆವು. ಮಕ್ಕಳು ಏಳಲು ಒಪ್ಪಲಿಲ್ಲ. ನಡುವೆ ಬದಲಾಗಿದ್ದು ಇಷ್ಟೇ: ಕಾಲಿಗೆ ಸರಿಯಾದ ಶೂ, ಕೂರಲು ದಪ್ಪ ಚಾಪೆ, ನೀರಿಗೆ ಇಳಿಯುವ ರೀತಿ. ಕಲ್ಲಿನ ತೀರ ಅಂದರೆ ಮರಳು ಇಲ್ಲದ ಕಳಪೆ ತೀರ ಅಲ್ಲ. ಅದು ಬೇರೆಯದೇ ಜಾತಿ. ಅದರ ಸ್ವಭಾವ ಗೊತ್ತಿದ್ದರೆ ಮಕ್ಕಳಿಗೆ ಅಷ್ಟು ಖುಷಿ ಕೊಡುವ ಜಾಗ ಸಿಗುವುದು ಕಷ್ಟ. ಆಮೇಲೆ ಮೂರು ಸಲ ಹೋಗಿ ಬಂದಿದ್ದೇವೆ. ಕಲಿತದ್ದನ್ನೆಲ್ಲ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ತೀರದ ಸ್ವಭಾವ ತಿಳಿದುಕೊಳ್ಳಿ

ನೀಸ್ ಇರುವುದು ಫ್ರಾನ್ಸಿನ ಆಗ್ನೇಯ ಮೂಲೆಯಲ್ಲಿ, ಇಟಲಿಯ ಗಡಿಗೆ ಹತ್ತಿರ. ಊರಿನ ಮುಂದೆ ಬಿಲ್ಲಿನಂತೆ ಬಾಗಿದ ಕೊಲ್ಲಿ ಇದೆ. ಅದರ ಹೆಸರು ಬೇ ದೆಜಾಂಜ್, ಅಂದರೆ ದೇವದೂತರ ಕೊಲ್ಲಿ. ಕೊಲ್ಲಿಯ ಉದ್ದಕ್ಕೂ ಸಾಗುವ ಅಗಲವಾದ ಕಾಲುದಾರಿಯೇ ಪ್ರೊಮೆನಾಡ್ ದೆಜಾಂಗ್ಲೆ. 1820ರ ದಶಕದಲ್ಲಿ ಇಲ್ಲಿ ಚಳಿಗಾಲ ಕಳೆಯಲು ಬರುತ್ತಿದ್ದ ಇಂಗ್ಲಿಷರು ದುಡ್ಡು ಹಾಕಿ ಈ ದಾರಿ ಮಾಡಿಸಿದರು. 'ಇಂಗ್ಲಿಷರ ಕಾಲುದಾರಿ' ಎಂಬ ಹೆಸರು ಬಂದದ್ದು ಹಾಗೆ. 2021ರಲ್ಲಿ ಯುನೆಸ್ಕೊ ನೀಸ್ ಅನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ಕಲ್ಲುಗಳು ಬಂದದ್ದು ಆಲ್ಪ್ಸ್ ಬೆಟ್ಟಗಳಿಂದ. ವಾರ್ ಮತ್ತು ಪಾಯೋಂ ಎಂಬ ಎರಡು ನದಿಗಳು ಬೆಟ್ಟದ ಸುಣ್ಣಕಲ್ಲನ್ನು ಉರುಳಿಸಿ ತಂದವು. ಕಡಲು ಅದನ್ನು ಉಜ್ಜಿ ಉಜ್ಜಿ ಉರುಟು ಮಾಡಿತು. ಬೂದು ಬಣ್ಣ, ಕೆಲವದರಲ್ಲಿ ಬಿಳಿ ಗೆರೆ. ಈಗ ನದಿಗಳು ಮೊದಲಿನಷ್ಟು ಕಲ್ಲು ತರುವುದಿಲ್ಲ. ಅಲೆ ಕೊಂಡೊಯ್ದ ಜಾಗಕ್ಕೆ ಊರಿನವರೇ ಲಾರಿಯಲ್ಲಿ ಕಲ್ಲು ತಂದು ಸುರಿಯುತ್ತಾರೆ.

ಕಲ್ಲಿನ ತೀರ ಸಾಮಾನ್ಯವಾಗಿ ಕಡಿದಾಗಿರುತ್ತದೆ. ಮರಳಿನಲ್ಲಿ ಅಲೆ ವಾಪಸ್ ಹೋಗುವಾಗ ಮರಳನ್ನೂ ಕೆಳಗೆ ಎಳೆದೊಯ್ದು ನೆಲವನ್ನು ಚಪ್ಪಟೆ ಮಾಡುತ್ತದೆ. ಕಲ್ಲಿನಲ್ಲಿ ನೀರು ಸಂದಿಗಳಿಗೆ ಇಂಗಿಹೋಗುತ್ತದೆ. ಮೇಲೆ ಬಂದ ಕಲ್ಲು ಅಲ್ಲೇ ಉಳಿದು ರಾಶಿ ಏರುತ್ತದೆ. ಅದೂ ಅಲ್ಲದೆ ನೀಸ್‌ನ ಮುಂದೆ ಕಡಲ ತಳವೇ ಬೇಗ ಆಳಕ್ಕೆ ಇಳಿಯುತ್ತದೆ. ಮಲ್ಪೆಯಲ್ಲೋ ಮರವಂತೆಯಲ್ಲೋ ತುಂಬ ದೂರ ನಡೆದರೂ ನೀರು ಸೊಂಟದ ಮಟ್ಟ ಇರುವ ಕಡೆಗಳುಂಟು. ಇಲ್ಲಿ ಕೆಲವೇ ಹೆಜ್ಜೆಗೆ ದೊಡ್ಡವರಿಗೂ ಕಾಲು ಸಿಗುವುದಿಲ್ಲ. ಮುಂದೆ ಹೇಳುವ ಎಚ್ಚರಿಕೆಗಳಿಗೆಲ್ಲ ಇದೇ ಕಾರಣ. ನೀರು ಗಾಜಿನಷ್ಟು ತಿಳಿಯಾಗಿರುವುದೂ ಈ ಕಲ್ಲಿನಿಂದಲೇ. ಕದಡಲು ಅಲ್ಲಿ ಮಣ್ಣು, ಮರಳು ಇಲ್ಲವಲ್ಲ!

ಹಂತ 1: ತಿಂಗಳು ಆರಿಸಿ

ನಮ್ಮ ಶಾಲೆಗಳ ಬೇಸಿಗೆ ರಜೆ ಏಪ್ರಿಲ್, ಮೇ. ಆಗ ಊರು ಚೆಂದ, ಬಿಸಿಲು ಹಿತ, ಆದರೆ ನೀರು ಮಕ್ಕಳಿಗೆ ಆಗುವುದಿಲ್ಲ. ಏಪ್ರಿಲ್‌ನಲ್ಲಿ ಸುಮಾರು 15 ಡಿಗ್ರಿ, ಮೇ ಕೊನೆಗೆ 18 ಡಿಗ್ರಿ ಆಸುಪಾಸು. 28 ಡಿಗ್ರಿಯ ಅರಬ್ಬಿ ಸಮುದ್ರಕ್ಕೆ ಒಗ್ಗಿದ ಮೈ ಅಲ್ವಾ, ಪಾದ ಇಟ್ಟ ಕೂಡಲೇ ಹಿಂದೆ ಸರಿಯುತ್ತದೆ. ಜೂನ್ ನಡುವಿಗೆ 20, 21 ಆಗುತ್ತದೆ. ಜುಲೈ, ಆಗಸ್ಟ್‌ನಲ್ಲಿ 23ರಿಂದ 25. ಆದರೆ ಆಗ ಫ್ರಾನ್ಸಿನ ಶಾಲೆಗಳಿಗೂ ರಜೆ. ಚಾಪೆ ಹಾಸಲು ಜಾಗ ಹುಡುಕಬೇಕಾಗುತ್ತದೆ, ಹೋಟೆಲ್ ದರವೂ ಏರುತ್ತದೆ.

ನನ್ನನ್ನು ಕೇಳಿದರೆ ಸೆಪ್ಟೆಂಬರ್. ನೀರಿನಲ್ಲಿ ಬೇಸಿಗೆಯ ಬಿಸಿ ಇನ್ನೂ ಉಳಿದಿರುತ್ತದೆ, ಸುಮಾರು 23 ಡಿಗ್ರಿ. ಜನ ಕಡಿಮೆ. ದಸರಾ ರಜೆ ಸೆಪ್ಟೆಂಬರ್ ಕೊನೆಗೆ ಬಿದ್ದ ವರ್ಷ ಕರ್ನಾಟಕದಿಂದ ಬರುವವರಿಗೂ ಒಳ್ಳೆಯ ಅವಕಾಶ. ಅಕ್ಟೋಬರ್ ಒಳಗೆ ಹೋದಷ್ಟೂ ಮಳೆ ಜಾಸ್ತಿ. ಅಲ್ಲಿ ಅಕ್ಟೋಬರ್, ನವೆಂಬರ್ ವರ್ಷದಲ್ಲೇ ಹೆಚ್ಚು ಮಳೆ ಬೀಳುವ ತಿಂಗಳುಗಳು.

ದಿನದೊಳಗಿನ ಹೊತ್ತೂ ಮುಖ್ಯ. ಬೆಳಿಗ್ಗೆ ಎಂಟರಿಂದ ಹನ್ನೊಂದರವರೆಗೆ ಸಾಮಾನ್ಯವಾಗಿ ನೀರು ಶಾಂತ. ಮಧ್ಯಾಹ್ನ ಕಡಲ ಗಾಳಿ ಎದ್ದು ಅಲೆಯೂ ಏಳುತ್ತದೆ, ಕಲ್ಲೂ ಕಾದಿರುತ್ತದೆ. ಸಂಜೆ ಐದರ ಮೇಲೆ ಮತ್ತೆ ಹಿತ. ಜೂನ್ ಕೊನೆಯಲ್ಲಿ ಸೂರ್ಯ ಮುಳುಗುವುದೇ ರಾತ್ರಿ ಒಂಬತ್ತೂಕಾಲಿಗೆ. ಹಾಗಾಗಿ ಸಂಜೆ ಅಂದರೆ ಉದ್ದನೆಯ ಸಂಜೆ.

ಹಂತ 2: ವೀಸಾ, ಪ್ರಯಾಣ

ಇದನ್ನು ಚಿಕ್ಕದಾಗಿ ಹೇಳುತ್ತೇನೆ. ಭಾರತದ ಪಾಸ್‌ಪೋರ್ಟ್ ಇರುವವರಿಗೆ ಶೆಂಗೆನ್ ವೀಸಾ, ಅಂದರೆ ಯುರೋಪಿನ ಹಲವು ದೇಶಗಳಿಗೆ ಒಟ್ಟಿಗೆ ನಡೆಯುವ ವೀಸಾ ಬೇಕು. ಹೊರಡುವ ಆರು ತಿಂಗಳ ಮೊದಲಿನಿಂದ ಅರ್ಜಿ ಹಾಕಬಹುದು, ಕೊನೆಯ ಗಡುವು 15 ದಿನ ಮುಂಚೆ. ಬೇಸಿಗೆಗೆ ಹೋಗುವವರು ಸಂದರ್ಶನದ ದಿನ ಸಿಗುವುದೇ ಕಷ್ಟ ಎಂದು ಎರಡು ಮೂರು ತಿಂಗಳು ಮೊದಲೇ ಕೆಲಸ ಶುರು ಮಾಡಿ. ಕನಿಷ್ಠ 30,000 ಯೂರೊ ವೈದ್ಯಕೀಯ ವೆಚ್ಚಕ್ಕೆ ಸಾಲುವ ಪ್ರಯಾಣ ವಿಮೆ ಕಡ್ಡಾಯ. ಜರ್ಮನಿ, ನೆದರ್‌ಲ್ಯಾಂಡ್ಸ್‌ನಂಥ ಶೆಂಗೆನ್ ದೇಶಗಳಲ್ಲಿ ವಾಸದ ಪರವಾನಗಿ ಇರುವವರಿಗೆ ಬೇರೆ ವೀಸಾ ಬೇಡ. ಆದರೆ ಊರಿನಿಂದ ಬರುವ ಅಪ್ಪ ಅಮ್ಮನಿಗೆ ಬೇಕು. ಅದನ್ನು ಮರೆಯಬೇಡಿ.

ವಿಮಾನ ಇಳಿಯುವಾಗ ಮಕ್ಕಳಿಗೆ ಕಿಟಕಿ ಸೀಟು ಕೊಡಿ. ನೀಸ್ ವಿಮಾನ ನಿಲ್ದಾಣ ಇರುವುದು ಕಡಲ ಅಂಚಿನಲ್ಲೇ. ಕೊನೆಯ ನಿಮಿಷದವರೆಗೂ ಕೆಳಗೆ ನೀಲಿ ನೀರೇ ಕಾಣುತ್ತದೆ. ಪ್ಯಾರಿಸ್‌ನಿಂದ ನೇರ ರೈಲೂ ಇದೆ, ಸುಮಾರು ಆರು ಗಂಟೆಯ ದಾರಿ. ವಿಮಾನ ನಿಲ್ದಾಣದ ಎರಡೂ ಟರ್ಮಿನಲ್‌ಗಳಿಂದ 2ನೇ ನಂಬರಿನ ಟ್ರಾಮ್ ಊರೊಳಗೆ ಹೋಗುತ್ತದೆ. ಝಾಂ ಮೆದ್‌ಸಾಂ ನಿಲ್ದಾಣದಲ್ಲಿ ಇಳಿದರೆ ಊರಿನ ನಡುಭಾಗ. ಕೊನೆಯ ನಿಲ್ದಾಣ ಹಳೆಯ ಬಂದರು. ಗಾಲಿ ಬುಟ್ಟಿಯಲ್ಲಿ ಮಗು ಇದ್ದರೂ ತೊಂದರೆ ಇಲ್ಲ, ಟ್ರಾಮಿನ ನೆಲ ಪ್ಲಾಟ್‌ಫಾರಮ್ಮಿನ ಮಟ್ಟದಲ್ಲೇ ಇರುತ್ತದೆ.

ಹಂತ 3: ಮೊದಲು ಪಾದ, ಆಮೇಲೆ ಉಳಿದದ್ದು

ಪಟ್ಟಿಯಲ್ಲಿ ಒಂದೇ ಒಂದು ವಸ್ತು ಬರೆಯಬೇಕು ಅಂದರೆ ನಾನು ನೀರಿನ ಶೂ ಎಂದು ಬರೆಯುತ್ತೇನೆ. ರಬ್ಬರ್ ತಳ, ಮೇಲೆ ಬೇಗ ಒಣಗುವ ಬಟ್ಟೆ, ಹಿಮ್ಮಡಿ ಮುಚ್ಚುವಂಥದ್ದು. ಹವಾಯಿ ಚಪ್ಪಲಿ ಬೇಡವೇ ಬೇಡ. ಮೊದಲ ಅಲೆಗೇ ಕಳಚಿ ಹೋಗುತ್ತದೆ. ಅದನ್ನು ಹಿಡಿಯಲು ಮಗು ಬಗ್ಗುತ್ತದೆ, ಅಷ್ಟರಲ್ಲಿ ಎರಡನೇ ಅಲೆ ಬಂದಿರುತ್ತದೆ.

ಭಾರತದಿಂದ ತರದಿದ್ದರೆ ಅಲ್ಲೇ ಸಿಗುತ್ತದೆ. ಫ್ರೆಂಚ್ ಮಕ್ಕಳು ತಲೆಮಾರುಗಳಿಂದ ಹಾಕುವ ಪಾರದರ್ಶಕ ಪ್ಲಾಸ್ಟಿಕ್ ಸ್ಯಾಂಡಲ್ ಒಂದಿದೆ, ಅದಕ್ಕೆ 'ಮೆದ್ಯೂಸ್' ಎನ್ನುತ್ತಾರೆ. ಮೆದ್ಯೂಸ್ ಅಂದರೆ ಲೋಳೆ ಮೀನು (ಜೆಲ್ಲಿಫಿಶ್). ನೋಡಲೂ ಹಾಗೇ ಇದೆ. ಪಕ್ಕೆಯಲ್ಲಿ ಬಕಲ್ ಇರುವುದರಿಂದ ಕಾಲಿನಿಂದ ಬಿಡುವುದಿಲ್ಲ. ನನ್ನ ಮಗಳು ಶೂ ಬಿಟ್ಟು ಅದನ್ನೇ ಹಾಕುತ್ತಾಳೆ. ಸೈಜು ಬಿಗಿಯಾಗಿರಲಿ. ಮುಂದಿನ ವರ್ಷಕ್ಕೂ ಆಗಲಿ ಎಂದು ದೊಡ್ಡದು ಕೊಂಡರೆ ಒಳಗೆ ಕಲ್ಲು ಸೇರಿ ಮಗು ನಡೆಯುವುದೇ ಇಲ್ಲ.

ಎರಡನೆಯದು ಚಾಪೆ. ಬರೀ ಟವೆಲ್ ಹಾಸಿ ಕೂತರೆ ಹತ್ತು ನಿಮಿಷಕ್ಕೆ ಸೊಂಟ ಮಾತಾಡುತ್ತದೆ. ಯೋಗಕ್ಕೆ ಬಳಸುವ ದಪ್ಪ ಫೋಮ್ ಚಾಪೆ ಒಳ್ಳೆಯದು, ಸುತ್ತಿ ಹೆಗಲಿಗೆ ಹಾಕಬಹುದು. ಹಿರಿಯರಿಗೆ ಮಡಚುವ ಕುರ್ಚಿಯೇ ಬೇಕು. ಕೊಡೆ ಒಯ್ಯುವವರು ಒಂದು ನೆನಪಿಡಿ: ಕಲ್ಲಿನಲ್ಲಿ ಕೊಡೆಯ ಕೋಲು ಮರಳಿನಲ್ಲಿ ನಿಂತಂತೆ ನಿಲ್ಲುವುದಿಲ್ಲ. ಒಂದು ಮೊಳ ತೋಡಿ, ಕೋಲು ಇಟ್ಟು, ಸುತ್ತಲೂ ದೊಡ್ಡ ಕಲ್ಲು ಪೇರಿಸಬೇಕು. ಈ ಕೆಲಸವನ್ನು ಮಕ್ಕಳಿಗೇ ಬಿಡಿ, ಖುಷಿಯಿಂದ ಮಾಡುತ್ತಾರೆ. ಗಾಳಿ ಜೋರಾದರೆ ಕೊಡೆ ಮಡಚಿಬಿಡಿ.

ಉಳಿದಂತೆ ಉದ್ದ ತೋಳಿನ ಈಜು ಅಂಗಿ, ಟೋಪಿ, ಸನ್‌ಸ್ಕ್ರೀನ್, ನೀರಿನ ಬಾಟಲಿ, ಈಜು ಕನ್ನಡಕ. ಕನ್ನಡಕವನ್ನು ಬಿಡಬೇಡಿ. ಆ ತಿಳಿ ನೀರಿನಲ್ಲಿ ತಲೆ ಮುಳುಗಿಸಿದರೆ ಮೀನು ಕಾಣುತ್ತದೆ. ಮರಳು ತೋಡುವ ಸಲಿಕೆ ಬೇಡ. ಬರೀ ಬಕೆಟ್ಟು ಇರಲಿ.

ಉಡುಪಿನ ಬಗ್ಗೆ ಎರಡು ಮಾತು. ಕಡಲಿನಲ್ಲಿ ನೀವು ಲೆಗ್ಗಿಂಗ್ಸ್, ತುಂಬು ತೋಳಿನ ಅಂಗಿ ಹಾಕಿ ಇಳಿದರೂ ಯಾರೂ ಏನೂ ಹೇಳುವುದಿಲ್ಲ. ಮೇಲುಡುಪಿಲ್ಲದೆ ಬಿಸಿಲು ಕಾಯಿಸುವ ಹೆಂಗಸರೂ ಅಲ್ಲಿ ಇರುತ್ತಾರೆ. ಅವರಿಗೆ ಅದು ಸಹಜ. ಮಕ್ಕಳಿಗೆ, ಹಿರಿಯರಿಗೆ ಮೊದಲೇ ಹೇಳಿ ಕರೆದುಕೊಂಡು ಹೋದರೆ ಯಾರಿಗೂ ಮುಜುಗರ ಇಲ್ಲ.

ಹಂತ 4: ಜಾಗ ನೋಡಿಕೊಳ್ಳಿ

ತೀರದ ಉದ್ದಕ್ಕೂ ಸಾರ್ವಜನಿಕ ಭಾಗ, ಖಾಸಗಿ ಭಾಗ ಒಂದರ ಪಕ್ಕ ಒಂದು ಬರುತ್ತವೆ. ಸಾರ್ವಜನಿಕ ಭಾಗ ಪೂರ್ತಿ ಉಚಿತ. ಖಾಸಗಿ ಭಾಗದಲ್ಲಿ ಮೆತ್ತೆ ಹಾಕಿದ ಮಂಚ, ಕೊಡೆ, ಶೌಚಾಲಯ, ಹೋಟೆಲ್ ಎಲ್ಲ ಇರುತ್ತದೆ. ಒಂದು ಮಂಚಕ್ಕೆ ದಿನಕ್ಕೆ 20 ಯೂರೊ ದಾಟುತ್ತದೆ, ನೀರಿಗೆ ಹತ್ತಿರದ ಸಾಲಾದರೆ ಇನ್ನೂ ಜಾಸ್ತಿ. ಕೈಗೂಸು ಇರುವವರು, ಅಥವಾ ಮೊಣಕಾಲು ನೋವಿನ ಅಮ್ಮನನ್ನು ಕರೆದೊಯ್ಯುವವರು ಒಂದು ದಿನ ಆ ದುಡ್ಡು ಕೊಡುವುದರಲ್ಲಿ ತಪ್ಪಿಲ್ಲ. ನಮ್ಮ ಅಮ್ಮ ಆ ದಿನ ಮಧ್ಯಾಹ್ನ ಅಲ್ಲೇ ನಿದ್ದೆ ಮಾಡಿದರು. ಖಾಸಗಿ ಭಾಗದ ಮುಂದೆ ನೀರಿನ ಅಂಚಿನಲ್ಲಿ ನಡೆದುಹೋಗುವ ಹಕ್ಕು ಎಲ್ಲರಿಗೂ ಇದೆ, ಹಿಂಜರಿಯಬೇಡಿ.

ಪೂರ್ವದ ತುದಿಯಲ್ಲಿ, ಕೋಟೆ ಗುಡ್ಡದ ಬುಡದಲ್ಲಿ ಕಾಸ್ತೆಲ್ ತೀರ ಇದೆ. ಹಳೆಯ ಪೇಟೆ ಅಲ್ಲೇ ಹಿಂದೆ, ತಿಂಡಿಗೆ ಓಡಿಬರಬಹುದು. ಆದರೆ ಜನ ಜಾಸ್ತಿ. ಪಶ್ಚಿಮಕ್ಕೆ ಹೋದಷ್ಟೂ ಜನ ತೆಳ್ಳಗಾಗುತ್ತಾರೆ. ವಿಮಾನ ನಿಲ್ದಾಣದ ಕಡೆಯ ಕಾರಾಸ್ ತೀರ ನಮಗೆ ಇಷ್ಟ. ಗಾಲಿ ಕುರ್ಚಿಯವರು ನೀರಿನವರೆಗೆ ಹೋಗಲು ಅಲ್ಲಿ ಇಳಿಜಾರು ದಾರಿ ಮಾಡಿದ್ದಾರೆ, ಬೇಸಿಗೆಯಲ್ಲಿ ಸಹಾಯಕರೂ ಇರುತ್ತಾರೆ. ವಿಮಾನಗಳು ತೀರಾ ಹತ್ತಿರ ಇಳಿಯುವುದರಿಂದ ನನ್ನ ಮಗನಿಗೆ ಎರಡೆರಡು ಹಬ್ಬ. ಊರಿನ ನಡುವೆ ಇರುವ ಸಾಂತ್‌ನೇರ್ ತೀರದಲ್ಲೂ ಇಂಥದ್ದೇ ಸೌಲಭ್ಯ ಇದೆ. ಇನ್ನೊಂದು ವಿಷಯ, ದೇವರು ಮಾಡಿ ಬೇಕಾಗದಿರಲಿ: ಲಾಂವಾಲ್ ಎಂಬ ದೊಡ್ಡ ಮಕ್ಕಳ ಆಸ್ಪತ್ರೆ ಪ್ರೊಮೆನಾಡಿನ ಪಕ್ಕದಲ್ಲೇ ಇದೆ.

ನಡೆಯಲು ಈಗಷ್ಟೇ ಕಲಿತ ಮಗು ಇದ್ದರೆ ಒಂದು ದಿನ ವಿಲ್‌ಫ್ರಾಂಶ್ ಸ್ಯುರ್ ಮೇರ್‌ಗೆ ಹೋಗಿ. ನೀಸ್‌ನ ದೊಡ್ಡ ನಿಲ್ದಾಣದಿಂದ ರೈಲಿನಲ್ಲಿ ಹತ್ತು ನಿಮಿಷವೂ ಇಲ್ಲ. ನಿಲ್ದಾಣದಿಂದ ಮೆಟ್ಟಿಲಿಳಿದರೆ ಮಾರಿನ್ಯೇರ್ ತೀರ. ಅಲ್ಲಿ ದೊಡ್ಡ ಕಲ್ಲಿನ ಬದಲು ದಪ್ಪ ಮರಳು, ಸಣ್ಣ ಹರಳು. ಸುತ್ತ ಗುಡ್ಡಗಳ ಮರೆ ಇರುವುದರಿಂದ ನೀರು ನೀಸ್‌ಗಿಂತ ಶಾಂತ.

ಹಂತ 5: ಬಾವುಟ ನೋಡದೆ ಶೂ ಕಟ್ಟಬೇಡಿ

ಬೇಸಿಗೆಯಲ್ಲಿ ಜೀವರಕ್ಷಕರು ಇರುವ ಕಡೆ ಕಂಬದಲ್ಲಿ ಬಾವುಟ ಹಾರುತ್ತಿರುತ್ತದೆ. ಹಸಿರು ಅಂದರೆ ಈಜಬಹುದು. ಹಳದಿ ಅಂದರೆ ಅಪಾಯ ಇದೆ, ಎಚ್ಚರ. ಕೆಂಪು ಅಂದರೆ ಇಳಿಯುವ ಹಾಗಿಲ್ಲ. ನೇರಳೆ ಅಂದರೆ ನೀರು ಕೆಟ್ಟಿದೆ, ಅಥವಾ ಲೋಳೆ ಮೀನಿನಂಥ ಜೀವಿಗಳಿವೆ. ಮೇಲೆ ಕೆಂಪು, ಕೆಳಗೆ ಹಳದಿ ಇರುವ ಎರಡು ಬಾವುಟಗಳ ನಡುವಿನ ಜಾಗ ರಕ್ಷಕರ ಕಣ್ಣಿಗೆ ಬೀಳುವ ಜಾಗ. ಮಕ್ಕಳು ಆಡಬೇಕಾದ್ದು ಅಲ್ಲೇ. ಕಂಬದಲ್ಲಿ ಬಾವುಟವೇ ಇಲ್ಲ ಅಂದರೆ ಕಾವಲು ಇಲ್ಲ ಎಂದರ್ಥ.

ಹಳದಿ ಬಾವುಟದ ದಿನ ನಾನು ಮಕ್ಕಳನ್ನು ನೀರಿಗೆ ಬಿಡುವುದಿಲ್ಲ. ಮರಳಿನ ತೀರದಲ್ಲಾದರೆ ಅಂಚಿನಲ್ಲಿ ಆಡಿಕೊಳ್ಳಲಿ ಎನ್ನಬಹುದಿತ್ತು. ಇಲ್ಲಿ ಅಂಚೇ ಅಪಾಯದ ಜಾಗ. ತುರ್ತು ನಂಬರ್ 112, ಕಡಲಲ್ಲಿ ಯಾರಾದರೂ ಸಿಕ್ಕಿಕೊಂಡರೆ 196. ಎರಡನ್ನೂ ಫೋನಿನಲ್ಲಿ ಬರೆದಿಟ್ಟುಕೊಳ್ಳಿ.

ಹಂತ 6: ಎಲ್ಲಿ ಕೂರಬೇಕು

ತೀರವನ್ನು ಮೇಲಿನಿಂದ ನೋಡಿದರೆ ಮೆಟ್ಟಿಲಿನ ಹಾಗೆ ಕಾಣುತ್ತದೆ. ಮೇಲೆ ಸಮತಟ್ಟು, ಆಮೇಲೆ ನೀರಿಗೆ ಇಳಿಜಾರು. ಚಾಪೆ ಹಾಸಬೇಕಾದ್ದು ಸಮತಟ್ಟಿನಲ್ಲಿ. ಇಳಿಜಾರಿನಲ್ಲಿ ಕೂತರೆ ಮೈ ಜಾರುತ್ತಲೇ ಇರುತ್ತದೆ. ಮೆಡಿಟರೇನಿಯನ್‌ನಲ್ಲಿ ಉಬ್ಬರ ಇಳಿತ ಇಲ್ಲವೆನ್ನುವಷ್ಟು ಕಡಿಮೆ, ಒಂದು ಗೇಣು ಹೆಚ್ಚೆಂದರೆ. ಹಾಗಾಗಿ ನಮ್ಮೂರಿನಂತೆ ನೀರು ಏರಿಬಂದು ಚಪ್ಪಲಿ ಒಯ್ಯುವ ಭಯ ಇಲ್ಲ. ಆದರೆ ಬಂದರಿನಿಂದ ಕಾರ್ಸಿಕಾ ದ್ವೀಪಕ್ಕೆ ದೊಡ್ಡ ಹಡಗುಗಳು ಹೋಗುತ್ತವೆ. ಹಡಗು ದಾಟಿದ ಎಷ್ಟೋ ಹೊತ್ತಿನ ಮೇಲೆ, ಶಾಂತವಾಗಿದ್ದ ನೀರಿನಲ್ಲಿ ಇದ್ದಕ್ಕಿದ್ದಂತೆ ಮೂರು ನಾಲ್ಕು ದಪ್ಪ ಅಲೆ ಬರುವುದುಂಟು. ಹಡಗು ಕಂಡಾಗ ಮಕ್ಕಳನ್ನು ಅಂಚಿನಿಂದ ಹತ್ತಿಸಿಬಿಡಿ.

ಕೂರುವ ಮೊದಲು ಚಾಪೆಯ ಕೆಳಗಿನ ದೊಡ್ಡ ಕಲ್ಲುಗಳನ್ನು ಪಕ್ಕಕ್ಕೆ ಸರಿಸಿ, ಸೊಂಟಕ್ಕೆ ಸಣ್ಣ ಗುಳಿ ಮಾಡಿ. ಎರಡು ನಿಮಿಷದ ಕೆಲಸ, ಇಡೀ ದಿನದ ಸುಖ. ಕಲ್ಲು ಬೆನ್ನಿಗೆ ಬೆಚ್ಚಗೆ ಒತ್ತುವುದು ಆಮೇಲಾಮೇಲೆ ಇಷ್ಟವಾಗುತ್ತದೆ.

ಎಲ್ಲರೂ ಒಟ್ಟಿಗೆ ನೀರಿಗೆ ಇಳಿಯಬೇಡಿ. ಒಬ್ಬ ದೊಡ್ಡವರು ಬ್ಯಾಗಿನ ಹತ್ತಿರ ಇರಲಿ. ಪಾಸ್‌ಪೋರ್ಟ್ ಹೋಟೆಲಿನಲ್ಲೇ ಇರಲಿ.

ಹಂತ 7: ಇಳಿಯುವುದು, ಹತ್ತುವುದು

ಇಡೀ ಬರಹದಲ್ಲಿ ಇದೊಂದನ್ನು ನಿಧಾನವಾಗಿ ಓದಿ. ಕಲ್ಲಿನ ತೀರದಲ್ಲಿ ಜನ ಬೀಳುವುದು ಆಳದಲ್ಲಿ ಅಲ್ಲ, ಅಂಚಿನಲ್ಲಿ. ಮಂಡಿ ಮಟ್ಟದ ನೀರಿನಲ್ಲಿ.

ಅಲೆ ಇಳಿಜಾರಿಗೆ ಬಡಿದು ವಾಪಸ್ ಹೋಗುವಾಗ ಕಾಲ ಕೆಳಗಿನ ಕಲ್ಲೂ ಉರುಳುತ್ತದೆ. ಆ ಸದ್ದು ಕೇಳಲು ಬಹಳ ಚೆಂದ, ಸಾವಿರ ಗೋಲಿಗಳನ್ನು ಒಟ್ಟಿಗೆ ಸುರಿದ ಹಾಗೆ. ಆದರೆ ಅದೇ ಹೊತ್ತಿಗೆ ನೆಲ ಜಾರುತ್ತಿರುತ್ತದೆ. ನಿಂತ ಮಗು ಕೂತುಬಿಡುತ್ತದೆ, ಕೂತ ಮಗುವಿನ ಮೇಲೆ ಮುಂದಿನ ಅಲೆ ಬೀಳುತ್ತದೆ.

ಇಳಿಯುವ ಮೊದಲು ನಿಂತು ಅಲೆ ಎಣಿಸಿ. ಹತ್ತು ಅಲೆ ನೋಡಿದರೆ ಎಲ್ಲಿ ಒಡೆಯುತ್ತದೆ, ನಡುವೆ ಎಷ್ಟು ಬಿಡುವು ಇದೆ ಎಂದು ಗೊತ್ತಾಗುತ್ತದೆ. ಅಲೆಯ ತುದಿ ದೊಡ್ಡವರ ಮಂಡಿ ದಾಟುವಂತಿದ್ದರೆ ಚಿಕ್ಕ ಮಕ್ಕಳಿಗೆ ಆ ಹೊತ್ತು ನೀರಾಟ ಬೇಡ.

ಮೊದಲು ದೊಡ್ಡವರು ಒಬ್ಬರು ಇಳಿದು ನಿಲ್ಲಿ. ಎಷ್ಟು ಹೆಜ್ಜೆಗೆ ಕಾಲು ತಪ್ಪುತ್ತದೆ ಎಂದು ನೀವೇ ನೋಡಿ. ಆಮೇಲೆ ಮಗುವಿನ ಕೈಬೆರಳು ಅಲ್ಲ, ಮುಂಗೈ ಹಿಡಿದು ಇಳಿಸಿ. ಒದ್ದೆ ಬೆರಳು ಜಾರುತ್ತದೆ. ಬಿಡುವು ಸಿಕ್ಕಾಗ ಅಂಚಿನಲ್ಲಿ ತಡಮಾಡದೆ ನೇರ ಒಳಗೆ ಹೋಗಿ. ಅಲೆ ಒಡೆಯುವ ಗೆರೆ ದಾಟಿದರೆ ನೀರು ತೊಟ್ಟಿಲಿನ ಹಾಗೆ ತೂಗುತ್ತದೆ, ಅಷ್ಟೇ. ಭಯ ಎಲ್ಲ ಆ ಎರಡು ಮೂರು ಹೆಜ್ಜೆಯದ್ದು.

ಈಜು ಬಾರದ ಮಕ್ಕಳಿಗೆ ಮೈಗೆ ಕಟ್ಟುವ ತೇಲುವ ಜಾಕೆಟ್ಟು ಇರಲೇಬೇಕು, ದೊಡ್ಡವರು ಕೈಯಳತೆಯಲ್ಲೇ ಇರಬೇಕು. ಗಾಳಿ ತುಂಬಿದ ಬಾತುಕೋಳಿ, ಡೋನಟ್ಟು ಎಲ್ಲ ಈಜುಕೊಳಕ್ಕೆ. ಇಲ್ಲಿ ನೆಲದ ಕಡೆಯಿಂದ ಗಾಳಿ ಬೀಸಿದರೆ ಅದು ಮಗುವಿನ ಸಮೇತ ಒಳಗೆ ಸಾಗುತ್ತದೆ. ಈಜು ಬರುವ ದೊಡ್ಡ ಮಕ್ಕಳೂ ದೂರದ ಹಳದಿ ಬೋಯ್‌ಗಳ ಸಾಲನ್ನು ದಾಟಬಾರದು. ಅದು ತೀರದಿಂದ 300 ಮೀಟರ್. ಅದರಾಚೆ ದೋಣಿಗಳು ವೇಗವಾಗಿ ಓಡುತ್ತವೆ.

ಹತ್ತುವುದು ಇಳಿಯುವುದಕ್ಕಿಂತ ಕಷ್ಟ. ಸುಸ್ತಾಗಿರುತ್ತೀರಿ, ಇಳಿಜಾರು ಎದುರಿಗಿರುತ್ತದೆ. ಬೆನ್ನ ಹಿಂದಿನ ಅಲೆ ನೋಡಿಕೊಳ್ಳಿ. ಅಲೆ ಬಂದು ನಿಮ್ಮನ್ನು ಮೇಲೆ ತಳ್ಳುವಾಗ ಅದರ ಜೊತೆಗೇ ಹೊರಡಿ, ಅದು ವಾಪಸ್ ಎಳೆಯುವ ಮುಂಚೆ ನಾಲ್ಕು ದೊಡ್ಡ ಹೆಜ್ಜೆ ಹಾಕಿ. ನಡುವೆ ನಿಲ್ಲಬೇಡಿ. ನಿಲ್ಲಲು ಆಗದಿದ್ದರೆ ಕೈ ಊರಿ ನಾಲ್ಕು ಕಾಲಲ್ಲಿ ಹತ್ತಿ. ಅಲ್ಲಿಯ ಅಜ್ಜಿಯರೂ ಹಾಗೇ ಹತ್ತುತ್ತಾರೆ, ನಾಚಿಕೆ ಏನಿಲ್ಲ. ಮಗುವನ್ನು ಎತ್ತಿಕೊಂಡು ಹತ್ತುವುದಕ್ಕಿಂತ, ಮೇಲೆ ಒಬ್ಬರು ನಿಂತು ಕೈ ಚಾಚುವುದು ಒಳ್ಳೆಯದು. ಎತ್ತಿಕೊಂಡವರು ಬಿದ್ದರೆ ಇಬ್ಬರೂ ಬೀಳುತ್ತಾರೆ.

ಅಲೆಗೆ ಬೆನ್ನು ಹಾಕಿ ಫೋಟೊಗೆ ನಿಲ್ಲಬೇಡಿ. ನಾನು ಹಾಗೆ ನಿಂತು ಮೊಣಕೈ ತರಚಿಕೊಂಡಿದ್ದೇನೆ.

ಹಂತ 8: ಕಲ್ಲಿನಲ್ಲೇ ಆಟ

ಮರಳಿನ ಮನೆ ಕಟ್ಟಲು ಆಗುವುದಿಲ್ಲ ಎಂದು ಮಕ್ಕಳು ಮುಖ ಸಣ್ಣ ಮಾಡುವುದು ಮೊದಲ ಹತ್ತು ನಿಮಿಷ. ಆಮೇಲೆ ಲಗೋರಿ ಶುರುವಾಗುತ್ತದೆ! ಲಗೋರಿಗೆ ಇಂಥ ಜಾಗ ಇನ್ನೆಲ್ಲಿದೆ? ಏಳು ಚಪ್ಪಟೆ ಕಲ್ಲು ಹುಡುಕುವುದೇ ಅರ್ಧ ಆಟ. ಮೆತ್ತನೆಯ ಚೆಂಡು ಒಯ್ಯಿರಿ, ಜನರಿಂದ ದೂರ ಆಡಿ. ನಾವು ಆಡುವಾಗ ಪಕ್ಕದ ಚಾಪೆಯ ಫ್ರೆಂಚ್ ಹುಡುಗ ಬಂದು ಸುಮ್ನೆ ನಿಂತ. ಭಾಷೆ ಬೇಕಾಗಲೇ ಇಲ್ಲ. ಎರಡು ಸುತ್ತಿನಲ್ಲಿ ಕಲಿತ.

ಅಮ್ಮ ಮಗಳಿಗೆ ಐದು ಕಲ್ಲಿನ ಆಟ ಕಲಿಸಿದ್ದು ಇಲ್ಲೇ. ಒಂದೇ ಗಾತ್ರದ ಐದು ಉರುಟು ಕಲ್ಲು ಆರಿಸಲು ಅವರು ಎಷ್ಟು ಹೊತ್ತು ತೆಗೆದುಕೊಂಡರು ಗೊತ್ತಾ! ಮೊದಲ ದಿನ ಮೆಟ್ಟಿಲು ಇಳಿಯದಿದ್ದ ಅಮ್ಮ. ಚಿಕ್ಕವನಿಗೆ ಬಕೆಟ್ಟಿನಲ್ಲಿ ನೀರು ತಂದು ಕೊಟ್ಟರೆ ಸಾಕು. ಒಣಗಿದ ಕಲ್ಲು ಬೂದು, ನೀರಿಗೆ ಹಾಕಿದರೆ ಹಸಿರು, ಕೆಂಪು, ಬಿಳಿ ಗೆರೆ ಎಲ್ಲ ಎದ್ದು ಕಾಣುತ್ತದೆ. ನೀರು ಶಾಂತವಾಗಿದ್ದು ಮುಂದೆ ಯಾರೂ ಇಲ್ಲದಿದ್ದರೆ ಚಪ್ಪಟೆ ಕಲ್ಲನ್ನು ಕಪ್ಪೆಯಂತೆ ಕುಪ್ಪಳಿಸುವ ಹಾಗೆ ಎಸೆಯಬಹುದು. ಬೇರೆ ಹೊತ್ತಿನಲ್ಲಿ ಕಲ್ಲೆಸೆತ ಇಲ್ಲ ಎಂಬ ನಿಯಮವನ್ನು ಮನೆಯಲ್ಲೇ ಹೇಳಿ ಹೊರಡಿ.

ಹಂತ 9: ಲೋಳೆ ಮೀನು, ಬಿಸಿಲು

ಇಲ್ಲಿ ಸಿಗುವ ಕುಟುಕುವ ಲೋಳೆ ಮೀನು ಚಿಕ್ಕದು, ತಿಳಿ ನೇರಳೆ ಬಣ್ಣದ್ದು. ಕೆಲವು ದಿನ ಒಂದೂ ಇರುವುದಿಲ್ಲ, ಕೆಲವು ದಿನ ಗಾಳಿ ದಂಡನ್ನೇ ತರುತ್ತದೆ. ಕುಟುಕಿದರೆ ಉರಿ ಜೋರು, ಸಾಮಾನ್ಯವಾಗಿ ಪ್ರಾಣಕ್ಕೇನೂ ಅಪಾಯ ಇಲ್ಲ. ಸಮುದ್ರದ ನೀರಿನಲ್ಲೇ ತೊಳೆಯಿರಿ. ಬಾಟಲಿಯ ಸಿಹಿನೀರು ಹಾಕಬೇಡಿ, ಉಜ್ಜಬೇಡಿ. ಅದರಿಂದ ಚರ್ಮಕ್ಕೆ ಅಂಟಿದ ವಿಷದ ಕಣಗಳು ಒಡೆದು ಉರಿ ಹೆಚ್ಚುತ್ತದೆ. ಶೇವಿಂಗ್ ಫೋಮ್ ಹಚ್ಚಿ ಪ್ಲಾಸ್ಟಿಕ್ ಕಾರ್ಡಿನಿಂದ ಮೆಲ್ಲಗೆ ಹೆರೆದು ತೆಗೆಯುವುದು ಅಲ್ಲಿಯ ರೂಢಿ. ರಕ್ಷಕರ ಹತ್ತಿರ ಹೋದರೆ ಅವರೇ ನೋಡುತ್ತಾರೆ. ಉಸಿರು ಕಟ್ಟಿದರೆ, ಮುಖ ಊದಿದರೆ ಕಾಯಬೇಡಿ, 112ಕ್ಕೆ ಕರೆ ಮಾಡಿ.

ನಮ್ಮ ಚರ್ಮಕ್ಕೆ ಬಿಸಿಲು ಏನು ಮಾಡುತ್ತದೆ ಎನ್ನಬೇಡಿ. ಗಾಳಿ ತಂಪಾಗಿರುವುದರಿಂದ ಸುಡುವುದು ಗೊತ್ತೇ ಆಗುವುದಿಲ್ಲ. ಹನ್ನೆರಡರಿಂದ ನಾಲ್ಕರವರೆಗೆ ತೀರ ಬಿಟ್ಟು ಹೊರಡಿ.

ಹಂತ 10: ಆ ನಾಲ್ಕು ಗಂಟೆ ಎಲ್ಲಿ ಹೋಗಬೇಕು

ಹಳೆಯ ಪೇಟೆಗೆ. ನಡುಹಗಲು ಹನ್ನೆರಡಕ್ಕೆ ಕೋಟೆ ಗುಡ್ಡದಿಂದ ಢಮ್ ಎಂದು ಸದ್ದಾಗುತ್ತದೆ. ಮಕ್ಕಳಿಗೆ ಮೊದಲೇ ಹೇಳಿ, ಇಲ್ಲವಾದರೆ ಬೆಚ್ಚುತ್ತಾರೆ. 1860ರ ದಶಕದಲ್ಲಿ ಇಲ್ಲಿದ್ದ ಸ್ಕಾಟ್ಲೆಂಡಿನ ಒಬ್ಬರು, ಮಾತಿಗೆ ನಿಂತು ಊಟದ ಹೊತ್ತು ಮರೆಯುತ್ತಿದ್ದ ಹೆಂಡತಿಯನ್ನು ಕರೆಯಲು ಶುರು ಮಾಡಿಸಿದ್ದು ಎಂಬ ಕಥೆ ಇದೆ. ಊರು ಆ ರೂಢಿಯನ್ನು ಇವತ್ತಿಗೂ ಉಳಿಸಿಕೊಂಡಿದೆ.

ಸಸ್ಯಾಹಾರಿಗಳಿಗೆ ನೀಸ್ ಒಳ್ಳೆಯ ಊರು. ಸೊಕ್ಕಾ ಎಂಬ ತಿಂಡಿ ನಮ್ಮ ಕಡಲೆಹಿಟ್ಟಿನ ದೋಸೆಯ ಹತ್ತಿರದ ಸಂಬಂಧಿ. ಕಡಲೆಹಿಟ್ಟು, ನೀರು, ಆಲಿವ್ ಎಣ್ಣೆ, ಉಪ್ಪು, ಅಷ್ಟೇ. ದೊಡ್ಡ ತಾಮ್ರದ ತಟ್ಟೆಯಲ್ಲಿ ಹುಯ್ದು ಸೌದೆ ಒಲೆಯಲ್ಲಿ ಬೇಯಿಸಿ, ಹರಿದು ಕಾಗದದಲ್ಲಿ ಹಾಕಿ ಕೊಡುತ್ತಾರೆ. ಮೇಲೆ ಕಾಳುಮೆಣಸಿನ ಪುಡಿ ಉದುರಿಸಿಕೊಳ್ಳಿ, ಬಿಸಿ ಇರುವಾಗಲೇ ತಿನ್ನಿ. ಕುಂಬಳಜಾತಿಯ ಹೂವಿನ ಬಜ್ಜಿಯೂ ಸಿಗುತ್ತದೆ. ಈರುಳ್ಳಿ ಹಾಕಿದ ಪಿಸಲಾದಿಯೇರ್ ನೋಡಲು ಸಸ್ಯಾಹಾರದಂತೆ ಕಂಡರೂ ಅದರಲ್ಲಿ ಆಂಚೊವಿ ಎಂಬ ಸಣ್ಣ ಮೀನು ಇರುತ್ತದೆ. ಪಾಂ ಬಾನ್ಯಾ ಎಂಬ ದುಂಡು ಬ್ರೆಡ್ಡಿನೊಳಗೂ ಮೀನು, ಮೊಟ್ಟೆ ಇರುತ್ತದೆ. ಅಂಗಡಿಗೆ ಹೋದ ಕೂಡಲೇ 'ಬೋಂಝೂರ್' ಹೇಳಿ, ಆಮೇಲೆ ಬೇಕಾದ್ದು ಕೇಳಿ. ಆ ಒಂದು ಮಾತಿಗೆ ಅಲ್ಲಿ ಬಹಳ ಬೆಲೆ. ಕೂರ್ ಸಾಲೆಯಾ ಸಂತೆಯಲ್ಲಿ ಬೆಳಿಗ್ಗೆ ಹಣ್ಣು, ಹೂವು ಸಿಗುತ್ತದೆ. ಸೋಮವಾರ ಮಾತ್ರ ಅಲ್ಲಿ ಹಳೆಯ ಸಾಮಾನಿನ ಸಂತೆ. ನಲ್ಲಿ ನೀರು ಕುಡಿಯಬಹುದು.

ಊಟ ಆದ ಮೇಲೆ ಕೋಟೆ ಗುಡ್ಡಕ್ಕೆ ಉಚಿತ ಲಿಫ್ಟ್ ಇದೆ. ಕೋಟೆಯನ್ನು 1706ರಲ್ಲಿ ಒಡೆಸಿಬಿಟ್ಟರು. ಈಗಿರುವುದು ಮರಗಳ ನೆರಳು, ಜಲಪಾತ, ಮಕ್ಕಳ ಆಟದ ಜಾಗ, ಇಡೀ ಕೊಲ್ಲಿಯ ನೋಟ. ಹತ್ತಲು ಮನಸ್ಸಿಲ್ಲದಿದ್ದರೆ ಪಾಯೋಂ ಉದ್ಯಾನಕ್ಕೆ ಹೋಗಿ. 2013ರಲ್ಲಿ ತೆರೆದದ್ದು. ನೆಲದಿಂದ ಚಿಮ್ಮುವ 128 ಕಾರಂಜಿಗಳಲ್ಲಿ ಮಕ್ಕಳು ಪುಕ್ಕಟೆ ನೆನೆಯಬಹುದು, ಒಂದು ಜೊತೆ ಬಟ್ಟೆ ಇಟ್ಟುಕೊಳ್ಳಿ. ತೀರಕ್ಕೆ ಕಲ್ಲು ತಂದ ಪಾಯೋಂ ನದಿ ಈಗ ಈ ಉದ್ಯಾನದ ಕೆಳಗೇ ಹರಿಯುತ್ತದೆ. ಇದನ್ನು ಹೇಳಿದ ಮೇಲೆ ನನ್ನ ಮಗ ನೆಲಕ್ಕೆ ಕಿವಿ ಇಟ್ಟು ಕೇಳಿಸಿಕೊಂಡ.

ಹಂತ 11: ಹೊರಡುವಾಗ

ಮಕ್ಕಳ ಜೇಬು ನೋಡಿ. ಕಲ್ಲು ಇದ್ದೇ ಇರುತ್ತದೆ. ಫ್ರಾನ್ಸಿನ ತೀರಗಳಿಂದ ಕಲ್ಲು, ಮರಳು ಒಯ್ಯುವುದು ಕಾನೂನಿಗೆ ವಿರುದ್ಧ, 1,500 ಯೂರೊವರೆಗೆ ದಂಡ ಇದೆ. 2025ರ ಜೂನ್ 29ರಿಂದ, ಈಜುವ ಋತುವಿನಲ್ಲಿ ಅಲ್ಲಿಯ ತೀರಗಳಲ್ಲಿ ಸಿಗರೇಟು ಸೇದುವುದೂ ನಿಷೇಧ. ಕಲ್ಲಿನ ಸಂದಿಗೆ ಬಿದ್ದ ಕಸ ಮತ್ತೆ ಸಿಗುವುದಿಲ್ಲ, ಹಾಗಾಗಿ ಚಿಪ್ಸ್ ಪೊಟ್ಟಣ ಒಡೆದ ಕೂಡಲೇ ಅದರ ಚೂರನ್ನೂ ಚೀಲಕ್ಕೆ ಹಾಕಿ. ಕಿವಿಯೋಲೆ, ಉಂಗುರಗಳಿಗೂ ಇದೇ ಮಾತು. ಮನೆಯಲ್ಲೇ ಬಿಚ್ಚಿಟ್ಟು ಬನ್ನಿ.

ಸಾರ್ವಜನಿಕ ತೀರದಲ್ಲಿ ತಣ್ಣೀರಿನ ಶವರ್ ಇರುತ್ತದೆ. ಶೂಗಳನ್ನೂ ಅಲ್ಲೇ ತೊಳೆಯಿರಿ. ಉಪ್ಪು ಉಳಿದರೆ ಮರುದಿನ ಹಿಮ್ಮಡಿ ಉಜ್ಜುತ್ತದೆ. ಆಮೇಲೆ ಪ್ರೊಮೆನಾಡಿನ ನೀಲಿ ಕುರ್ಚಿಗಳಲ್ಲಿ ಕೂತು ಮೈ ಒಣಗಿಸಿಕೊಳ್ಳಿ. ಆ ಕುರ್ಚಿಗಳಿಗೆ ಬಾಡಿಗೆ ಇಲ್ಲ. ಈ ಸಲ ಹೊರಡುವ ಸಂಜೆ ಮಗಳು ತನ್ನ ಐದು ಕಲ್ಲುಗಳನ್ನು ವಾಪಸ್ ಇಡಲು ಕೆಳಗೆ ಹೋದಳು. ಎಲ್ಲಾದರೂ ಎಸೆಯಲಿಲ್ಲ. ಗೋಡೆಯ ಬುಡದಲ್ಲಿ, ಮೂರನೇ ಮೆಟ್ಟಿಲಿನ ಪಕ್ಕ ಸಾಲಾಗಿ ಇಟ್ಟು ಬಂದಳು. ಮುಂದಿನ ಸೆಪ್ಟೆಂಬರ್‌ಗೆ ಅಜ್ಜಿಗೆ ಬೇಕಂತೆ.